ರಸ್ತೆಯ ಎಡ ಅಂಚು ಯಾರದ್ದೆಂದು ಹೇಳಿಬಿಡಿ

ಬೆಂಗಳೂರಿನ ರಸ್ತೆ, ಗಾಡಿ, ಸಂಚಾರ ಇವುಗಳ ಹೊಣೆ ಹೊತ್ತ ಎಲ್ಲ ಮಾನ್ಯರಿಗೆ,

ಈ ಪತ್ರದ ಮೇಲೆ ಯಾರ ಹೆಸರೂ ಇಲ್ಲ. ಹೆಸರು ಹಾಕಿ ಬರೆದ ಪತ್ರಗಳು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ, ಅಲ್ಲಿಂದ ಮತ್ತೊಂದು ಕಟ್ಟಡಕ್ಕೆ ‘ಸಂಬಂಧಪಟ್ಟವರ ಗಮನಕ್ಕೆ’ ಎಂಬ ಒಕ್ಕಣೆ ಹೊತ್ತು ಅಲೆಯುವುದನ್ನು ಈ ಊರಿನವರು ಬೇಕಾದಷ್ಟು ನೋಡಿದ್ದಾರೆ. ರಸ್ತೆ ಹಾಕುವವರು ಬೇರೆ, ಗಾಡಿಗೆ ಅನುಮತಿ ಕೊಡುವವರು ಬೇರೆ, ದಂಡ ಹಾಕುವವರು ಬೇರೆ. ಯಾರನ್ನು ಕೇಳಿದರೂ ಅದು ನಮ್ಮದಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೇ ಎಲ್ಲರನ್ನೂ ಒಟ್ಟಿಗೆ, ಎಲ್ಲರೆದುರೇ ಕೇಳುತ್ತಿದ್ದೇವೆ.

ನಮ್ಮ ದೂರು ರಸ್ತೆಯ ಎಡ ಅಂಚಿನ ಒಂದು ಗಜ ಜಾಗದ ಬಗ್ಗೆ. ಆ ಒಂದು ಗಜದಲ್ಲಿ ಸೈಕಲ್ಲಿನವರು ಹೋಗಬೇಕು. ಅದೇ ಜಾಗದಲ್ಲಿ ಈಗ ಬ್ಯಾಟರಿ ಸ್ಕೂಟರಿನವರೂ ಹೋಗಬೇಕಾಗಿದೆ. ಪಾನಿಪೂರಿ ಗಾಡಿ, ನಿಲ್ಲಿಸಿದ ಕಾರು, ಬಾಯ್ದೆರೆದ ಚೇಂಬರು, ಎಳನೀರಿನ ಚಿಪ್ಪಿನ ರಾಶಿ, ಬಸ್ಸಿಗೆ ಕಾದು ರಸ್ತೆಗಿಳಿದ ಜನ ಎಲ್ಲ ಕಳೆದು ಉಳಿದಷ್ಟೇ ಈ ಇಬ್ಬರ ಪಾಲು. ದಿನ ಬೆಳಗಾದರೆ ಅಲ್ಲಿ ಜಗಳ.

ಓದುಗರೇ, ನೀವು ಈ ಇಬ್ಬರಲ್ಲಿ ಒಬ್ಬರಾಗಿದ್ದರೆ ಆ ಜಗಳದ ಮಾತುಗಳು ನಿಮಗೆ ಬಾಯಿಪಾಠ. ‘ಕಣ್ಣು ಕಾಣಲ್ವಾ ಗುರು?’ ‘ಬೆಲ್ ಹೊಡಿಯೋಕೇನು ರೋಗ?’ ‘ಹಾರ್ನ್ ಹೊಡೆದಿದ್ದು ಕೇಳಿಸಲಿಲ್ವಾ?’ ‘ಸೈಕಲ್ ಅಂದ್ರೆ ಅಷ್ಟು ಸದರನಾ?’ ಮೊಣಕೈ ತಾಗಿದ್ದಕ್ಕೆ, ಕನ್ನಡಿ ಬಡಿದದ್ದಕ್ಕೆ, ಸುಮ್ಮನೆ ಬೆಚ್ಚಿಬಿದ್ದದ್ದಕ್ಕೆ ಈ ಮಾತುಗಳು ಹುಟ್ಟುತ್ತವೆ. ಎರಡೇ ನಿಮಿಷದಲ್ಲಿ ಇಬ್ಬರೂ ಅವರವರ ದಾರಿ ಹಿಡಿಯುತ್ತಾರೆ. ಸಿಟ್ಟು ಮಾತ್ರ ಮುಂದಿನ ಸಿಗ್ನಲ್‌ವರೆಗೂ ಜೊತೆಗೆ ಬರುತ್ತದೆ.

ಸೈಕಲ್ಲಿನವರ ಕಣ್ಣಲ್ಲಿ ಬ್ಯಾಟರಿ ಗಾಡಿಯವರು ಹೇಗೆ ಕಾಣುತ್ತಾರೆ? ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುವವರು. ಎಡಗಡೆಯಿಂದ ನುಗ್ಗುವವರು. ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಹ್ಯಾಂಡಲ್ಲಿಗೆ ಸಿಕ್ಕಿಸಿದ ಮೊಬೈಲಿನ ಮೇಲೆ ಇಟ್ಟವರು. ರಾಂಗ್ ಸೈಡಿನಲ್ಲಿ ಎದುರಿಗೆ ಬಂದು, ನಾವೇ ಪಕ್ಕಕ್ಕೆ ಸರಿಯಬೇಕು ಎಂಬಂತೆ ನೋಡುವವರು. ಗುದ್ದಿ ಹೋದರೆ ಬರೆದುಕೊಳ್ಳಲು ನಂಬರ್ ಪ್ಲೇಟೂ ಇಲ್ಲದವರು.

ಬ್ಯಾಟರಿ ಗಾಡಿಯವರ ಕಣ್ಣಲ್ಲಿ ಸೈಕಲ್ಲಿನವರು ಹೇಗೆ? ಅತ್ತಿತ್ತ ತೂಗಾಡುತ್ತ ಯಾವ ಕ್ಷಣದಲ್ಲಿ ಯಾವ ಕಡೆಗೆ ತಿರುಗುತ್ತಾರೋ ಹೇಳಲಾಗದವರು. ಕೈ ತೋರಿಸುವುದಿಲ್ಲ, ಹಿಂದೆ ತಿರುಗಿ ನೋಡುವುದಿಲ್ಲ, ರಾತ್ರಿ ದೀಪವಿಲ್ಲ. ಕೆಂಪು ದೀಪವಿದ್ದರೂ ಉರುಳಿಕೊಂಡು ಮುಂದೆ ಹೋಗುತ್ತಾರೆ. ಇನ್ನು ಭಾನುವಾರ ಮುಂಜಾನೆ ಲಕ್ಷದ ಸೈಕಲ್ ಏರಿ ಗುಂಪಾಗಿ ಹೊರಡುವವರಂತೂ, ಡಬ್ಬಿ ಹೊತ್ತ ಡೆಲಿವರಿ ಹುಡುಗನನ್ನು ರಸ್ತೆಯ ಮೇಲೆ ಬಿದ್ದ ಕಸದಂತೆ ನೋಡುತ್ತಾರೆ ಎಂಬ ಬೇಸರ.

ಈ ಎರಡೂ ದೂರುಗಳಲ್ಲಿ ಹುರುಳಿದೆ. ಆದರೆ ಹೆಚ್ಚಿನವುಗಳ ಹಿಂದೆ ಇರುವುದು ದುರಹಂಕಾರವಲ್ಲ, ಗಾಡಿಯ ಗುಣ. ಅದನ್ನು ಇಬ್ಬರಿಗೂ ಯಾರೂ ತಿಳಿಸಿ ಹೇಳಿಲ್ಲ. ಸ್ವಲ್ಪ ಬಿಡಿಸಿ ನೋಡೋಣ.

ಸೈಕಲ್ ಸವಾರನಿಗೆ ಕನ್ನಡಿ ಇಲ್ಲ. ಅವನ ಕಿವಿಯೇ ಅವನ ಕನ್ನಡಿ. ಹಿಂದಿನಿಂದ ಬರುವುದು ಬಸ್ಸೋ, ಆಟೋವೋ, ಬೈಕೋ, ಎಷ್ಟು ದೂರದಲ್ಲಿದೆ, ಎಡಕ್ಕೆ ಬರುತ್ತಿದೆಯೋ ಬಲಕ್ಕೋ ಎಂಬುದನ್ನೆಲ್ಲ ಅವನು ಎಂಜಿನ್ ಸದ್ದಿನಿಂದಲೇ ಅಳೆಯುತ್ತಾನೆ. ಬ್ಯಾಟರಿ ಗಾಡಿಗೆ ಆ ಸದ್ದಿಲ್ಲ. ಮೆಲ್ಲಗೆ ಬರುವಾಗ ಟೈರಿನ ಸದ್ದೂ ಊರಿನ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಹೀಗಾಗಿ ಅವನ ಲೆಕ್ಕದಲ್ಲಿ ಆ ಗಾಡಿ ಎಲ್ಲಿಂದಲೂ ಬರಲಿಲ್ಲ, ಇದ್ದಕ್ಕಿದ್ದಂತೆ ಪಕ್ಕದಲ್ಲಿ ಹುಟ್ಟಿತು. ಹಾರ್ನ್ ಹೊಡೆದರೆ ಬೆಚ್ಚುತ್ತಾನೆ. ಹೊಡೆಯದಿದ್ದರೆ ಗೊತ್ತೇ ಆಗುವುದಿಲ್ಲ.

ಸ್ಕೂಟರಿನವನ ಕಷ್ಟ ಬೇರೆ. ಅವನ ಕಣ್ಣಿಗೆ ಸೈಕಲ್ ಒಂದು ತೆಳ್ಳನೆಯ ಗೆರೆ. ಅದರ ಹಿಂದಿನ ಕೆಂಪು ರಿಫ್ಲೆಕ್ಟರು ಹೆಬ್ಬೆರಳಗಲ, ಅದಕ್ಕೂ ಕೆಸರು ಮೆತ್ತಿರುತ್ತದೆ. ದೂರದಿಂದ ನೋಡಿದಾಗ ಸೈಕಲ್ ನಿಂತಿದೆಯೋ ಹೋಗುತ್ತಿದೆಯೋ ಅಂದಾಜಾಗುವುದಿಲ್ಲ. ಗಂಟೆಗೆ 25 ಕಿಲೋಮೀಟರ್ ವೇಗದ ಗಾಡಿ, 12 ಕಿಲೋಮೀಟರ್ ವೇಗದ ಸೈಕಲ್ಲನ್ನು ಹತ್ತು ಮೀಟರ್ ಹಿಂದಿನಿಂದ ಹಿಡಿಯಲು ಮೂರು ಸೆಕೆಂಡೂ ಬೇಡ. ಅದೇ 45ರಲ್ಲಿ ಬರುವ ದೊಡ್ಡ ಸ್ಕೂಟರಾದರೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೇ. ಅಷ್ಟರಲ್ಲಿ ಸೈಕಲ್ಲಿನವನು ಗುಂಡಿ ತಪ್ಪಿಸಲು ಒಂದು ಮೊಳ ಬಲಕ್ಕೆ ಬಂದರೆ ಸಾಕು.

ಅವನು ಬಲಕ್ಕೆ ಬರುವುದು ಚೇಷ್ಟೆಗಲ್ಲ. ನಮ್ಮ ರಸ್ತೆಗಳ ಮೋರಿ ಜಾಲರಿಗಳ ಸರಳುಗಳು ಎಷ್ಟೋ ಕಡೆ ಗಾಡಿ ಹೋಗುವ ದಿಕ್ಕಿಗೇ ಮಲಗಿವೆ, ಸೈಕಲ್ಲಿನ ತೆಳ್ಳನೆಯ ಚಕ್ರ ಅವುಗಳ ನಡುವೆ ಇಳಿದುಬಿಡುತ್ತದೆ. ನಿಲ್ಲಿಸಿದ ಕಾರಿನ ಬಾಗಿಲು ಯಾವಾಗ ತೆರೆದೀತೋ ತಿಳಿಯದು. ಡಾಂಬರು ಮುಗಿದು ಮಣ್ಣು ಶುರುವಾಗುವ ಕಡೆ ನಾಲ್ಕು ಬೆರಳಿನ ತಗ್ಗು ಇರುತ್ತದೆ. ಸ್ಕೂಟರಿನ ಅಗಲದ ಟೈರು ನುಂಗಿಕೊಳ್ಳುವ ಗುಂಡಿ ಸೈಕಲ್ ಸವಾರನನ್ನು ಬೀಳಿಸುತ್ತದೆ. ಏರಿನಲ್ಲಿ ವೇಗ ಇಳಿದ ಸೈಕಲ್ ತೂಗಾಡದೆ ಹೋಗಲಾರದು, ಇದು ಎರಡು ಚಕ್ರದ ಮೇಲೆ ನಿಂತ ಯಾವ ಗಾಡಿಗಾದರೂ ಇರುವ ಗುಣ. ಬೆಂಗಳೂರಿನಲ್ಲಿ ಏರಿಗೇನೂ ಬರವಿಲ್ಲ.

ಸಿಗ್ನಲ್ಲಿನ ಜಗಳವಂತೂ ಇನ್ನೂ ಸ್ಪಷ್ಟ. ಸೈಕಲ್ ತುಳಿಯುವವನಿಗೆ ನಿಲ್ಲುವುದೆಂದರೆ ದುಬಾರಿ, ಮತ್ತೆ ಹೊರಡಲು ಮೈಯಿನ ಶಕ್ತಿಯನ್ನೇ ಸುರಿಯಬೇಕು. ಹಸಿರು ಬಿದ್ದ ಮೊದಲ ನಾಲ್ಕಾರು ಮೀಟರು ಅವನ ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ. ಬ್ಯಾಟರಿ ಸ್ಕೂಟರಿನ ಗುಣ ಇದಕ್ಕೆ ತದ್ವಿರುದ್ಧ. ನಿಂತಲ್ಲಿಂದ ಏಳುವಾಗಲೇ ಅದರ ಮೋಟಾರಿನ ಎಳೆತ ಅತಿ ಹೆಚ್ಚು. ಎಕ್ಸಿಲೇಟರ್ ಮುಟ್ಟಿದರೆ ಚಿಮ್ಮುತ್ತದೆ. ಅತಿ ನಿಧಾನವಾಗಿ ಹೊರಡುವವನನ್ನೂ ಅತಿ ಬೇಗ ಹೊರಡುವವನನ್ನೂ ಒಂದೇ ಗೆರೆಯ ಹಿಂದೆ, ಒಂದೇ ಗಜ ಜಾಗದಲ್ಲಿ ನಿಲ್ಲಿಸಿ ಹಸಿರು ದೀಪ ತೋರಿಸಿದರೆ ಆಗುವುದೇನು? ಅದು ದಿನಾ ಆಗುತ್ತಿದೆ.

ಇಷ್ಟೇ ಆಗಿದ್ದರೆ ಸವಾರರೇ ಪರಸ್ಪರ ಹೊಂದಿಕೊಂಡು ಹೋಗಬಹುದಿತ್ತು. ಕಗ್ಗಂಟು ಇರುವುದು ಕಾನೂನಿನಲ್ಲಿ. ಮಾನ್ಯರೇ, ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಅರ್ಧ ಗಂಟೆಯ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿಲೋಮೀಟರ್ ಒಳಗಿದ್ದು, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ದಾಟದಿದ್ದರೆ ಅಂಥ ಬ್ಯಾಟರಿ ಗಾಡಿ ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ. ನಂಬರ್ ಪ್ಲೇಟ್ ಬೇಡ. ಲೈಸೆನ್ಸ್ ಬೇಡ. ಕಡ್ಡಾಯ ವಿಮೆ ಇಲ್ಲ. ಮನೆಗಳಿಗೆ ಊಟ, ದಿನಸಿ ತಲುಪಿಸುವ ಎಷ್ಟೋ ಹುಡುಗರು ಬಾಡಿಗೆಗೆ ಓಡಿಸುವುದು ಇಂಥ ಗಾಡಿಯನ್ನೇ. ಲೈಸೆನ್ಸ್ ಮಾಡಿಸಲು ಕಾಸು, ರಜೆ, ವಿಳಾಸದ ದಾಖಲೆ ಇಲ್ಲದವನಿಗೆ ಸಿಗುವ ಕೆಲಸ ಇದೊಂದೇ ಆಗಿರುತ್ತದೆ. ಗೇರಿನ ಗಾಡಿಗೆ ಹೆದರುತ್ತಿದ್ದ ಎಷ್ಟೋ ಹೆಂಗಸರು ಮೊದಲ ಸಲ ತಮ್ಮದೇ ಗಾಡಿಯಲ್ಲಿ ಮಾರುಕಟ್ಟೆಗೆ ಹೋಗಿ ಬರುತ್ತಿರುವುದೂ ಇದರಿಂದಲೇ. ಅವರ ಕೈಯಿಂದ ಇದನ್ನು ಕಿತ್ತುಕೊಳ್ಳಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ.

ಆದರೆ ಮೋಟಾರು ವಾಹನ ಅಲ್ಲವೆಂದ ಮೇಲೆ ಅದು ಏನು? ಅದನ್ನು ಓಡಿಸುವವನು ‘ನನ್ನದೂ ಒಂಥರಾ ಸೈಕಲ್ಲೇ’ ಎಂದುಕೊಂಡಿದ್ದಾನೆ. ಕಾನೂನು ಹಾಗೆಯೇ ಹೇಳಿದಂತಿದೆಯಲ್ಲ! ಸೈಕಲ್ ಪಥ ಕಂಡರೆ ಅದರೊಳಗೆ ಹೋಗುತ್ತಾನೆ. ಒಳಗಿರುವ ಸೈಕಲ್ಲಿನವನು ‘ಎಕ್ಸಿಲೇಟರ್ ಇದೆ, ಪೆಡಲ್ ಇಲ್ಲ, ಇದೆಂಥ ಸೈಕಲ್?’ ಎಂದು ಸಿಡಿಯುತ್ತಾನೆ. 2017ರ ವಾಹನ ಚಾಲನಾ ನಿಯಮಗಳು ಸೈಕಲ್ ಪಥದ ಮೇಲೆ ಗಾಡಿ ಓಡಿಸಬಾರದು ಎನ್ನುತ್ತವೆ. ಆ ನಿಯಮಗಳು ಇರುವುದು ಮೋಟಾರು ವಾಹನ ಓಡಿಸುವವರಿಗೆ. ಮೋಟಾರು ವಾಹನ ಅಲ್ಲದ ಮೋಟಾರು ಗಾಡಿಯ ಗತಿ ಏನು? ಹಾಗಾದರೆ ಇಬ್ಬರಲ್ಲಿ ಯಾರು ಸರಿ? ನಿಮಗೆ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ, ಗೊತ್ತು ಮಾಡಿಕೊಂಡು ಹೇಳುವುದು ನಿಮ್ಮ ಕೆಲಸ.

ಬಯಸಿದರೆ ಹೇಳಬಹುದು ಎಂಬುದಕ್ಕೆ ಬೇರೆ ಊರುಗಳಿವೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಗಂಟೆಗೆ 25 ಕಿಲೋಮೀಟರ್ ಓಡುವ ನೀಲಿ ಪ್ಲೇಟಿನ ಮೊಪೆಡ್‌ಗಳು ಸೈಕಲ್ ಪಥದಲ್ಲೇ ಹೋಗುತ್ತಿದ್ದವು, ಸೈಕಲ್ಲಿನವರು ಗೊಣಗುತ್ತಲೇ ಇದ್ದರು. 2019ರ ಏಪ್ರಿಲ್‌ನಲ್ಲಿ ಆ ಊರು ತೀರ್ಮಾನ ಕೊಟ್ಟಿತು: ವರ್ತುಲ ರಸ್ತೆಯ ಒಳಗೆ ಅವು ಮುಖ್ಯ ರಸ್ತೆಗೆ ಇಳಿಯಬೇಕು, ಸವಾರರು ಹೆಲ್ಮೆಟ್ ಹಾಕಬೇಕು. ಅದೇ ವರ್ಷ ಜರ್ಮನಿ, ನಿಂತು ಓಡಿಸುವ ಸಣ್ಣ ಬ್ಯಾಟರಿ ಸ್ಕೂಟರುಗಳಿಗೆ 20 ಕಿಲೋಮೀಟರಿನ ಮಿತಿ ಹಾಕಿತು, ವಿಮೆಯ ಸ್ಟಿಕ್ಕರ್ ಕಡ್ಡಾಯ ಮಾಡಿತು, ಸೈಕಲ್ ಪಥ ಇರುವಲ್ಲಿ ಅದರಲ್ಲೇ ಹೋಗಿ ಎಂದಿತು. ಒಬ್ಬರು ಹೊರಗೆ ಕಳಿಸಿದರು, ಇನ್ನೊಬ್ಬರು ಒಳಗೆ ಕರೆದರು. ಯಾವುದು ಮೇಲು ಎಂದು ಬೇಕಾದರೆ ಚರ್ಚಿಸೋಣ. ಎರಡೂ ಕಡೆ ಉತ್ತರ ಬಂತು ಎಂಬುದನ್ನು ಮಾತ್ರ ಗಮನಿಸಿ.

ನಮಗೆ ಉತ್ತರ ಬಂದಿಲ್ಲ. ಅದಕ್ಕೆ ಬದಲು ಬಣ್ಣ ಬಂತು. ಜಯನಗರದ ರಸ್ತೆಗಳ ಅಂಚಿನಲ್ಲಿ ಸೈಕಲ್ ಚಿತ್ರ ಬಿಡಿಸಿ ದಶಕವೇ ಕಳೆದಿದೆ. ಅದರ ಮೇಲೆ ಕಾರುಗಳು ನಿಂತವು, ಬಣ್ಣ ಮಾಸಿತು. ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ 2020ರಲ್ಲಿ ಸೈಕಲ್ಲಿಗೆಂದು ಅಂಚನ್ನು ಬೇರ್ಪಡಿಸಿ ಪ್ಲಾಸ್ಟಿಕ್ ಕಂಬ ನೆಟ್ಟದ್ದು ನಿಮಗೆ ನೆನಪಿರಬಹುದು. ಬೈಕುಗಳು ನುಗ್ಗಿದವು, ಕಂಬಗಳು ಮುರಿದವು, ಮೆಟ್ರೊ ಕೆಲಸಕ್ಕೆ ರಸ್ತೆ ಅಗೆದರು. ಕಂಬ ನೆಟ್ಟ ದಿನ ಫೋಟೊ ತೆಗೆಸಿಕೊಂಡವರು ಕಂಬ ಮುರಿದ ಮೇಲೆ ಆ ಕಡೆ ತಿರುಗಿ ನೋಡಿದ್ದನ್ನು ನಾವು ಕಾಣೆವು.

ಇದು ಹೊಸ ವಿಷಯವೇ ಎಂದರೆ ಅದೂ ಅಲ್ಲ. ಸೈಕಲ್ ಪಥ ಹೇಗಿರಬೇಕು, ಎಷ್ಟು ಅಗಲ, ಅಂಚಿನಿಂದ ಎಷ್ಟು ದೂರ ಎಂಬ ರಾಷ್ಟ್ರಮಟ್ಟದ ಮಾರ್ಗಸೂಚಿ ಈ ದೇಶದಲ್ಲಿ 1962ರಲ್ಲೇ ಬಂದಿದೆ. 2015ರಲ್ಲಿ ಅದನ್ನು ಪರಿಷ್ಕರಿಸಿದ್ದೂ ಆಗಿದೆ. ರಸ್ತೆ ಇರುವುದು ಜನರನ್ನು ಸಾಗಿಸಲು, ಗಾಡಿಗಳನ್ನಲ್ಲ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. ನಡೆಯುವವರಿಗೂ ಸೈಕಲ್ಲಿನವರಿಗೂ ಹಕ್ಕು ಕೊಡುವ ಮಸೂದೆಯೊಂದರ ಕರಡು ನಮ್ಮ ರಾಜ್ಯದಲ್ಲೇ ತಯಾರಾಗಿ, ಜನರ ಅಭಿಪ್ರಾಯವನ್ನೂ ಕೇಳಿ, ಕರಡಾಗಿಯೇ ಉಳಿಯಿತು. ಅಪ್ಪನ ಕಾಲದ ಮಾರ್ಗಸೂಚಿ, ಮಗನ ಕಾಲದ ನೀತಿ, ಮೊಮ್ಮಗನ ಕಾಲದ ಕರಡು. ಮೂವರೂ ಸೈಕಲ್ ತುಳಿದದ್ದು ಅದೇ ಮೋರಿಯ ಅಂಚಿನಲ್ಲಿ.

ಹಾಗೆಂದು ಸರ್ಕಾರಗಳು ಈ ಸವಾರರಿಗೆ ಏನೂ ಕೊಡಲಿಲ್ಲ ಎನ್ನಲಾಗದು. 2006-07ರಿಂದ ವರ್ಷಗಳ ಕಾಲ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಿದರು, ಒಳ್ಳೆಯ ಕೆಲಸ. 2017ರಲ್ಲಿ ದೇಶದಲ್ಲೇ ಮೊದಲಿಗೆ ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಕೇಂದ್ರದಿಂದ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಸಹಾಯಧನ ಬಂತು. ಪೆಟ್ರೋಲ್ ಬಿಡಿ, ಬ್ಯಾಟರಿ ಹಿಡಿಯಿರಿ ಎಂದು ಜಾಹೀರಾತು ಹಾಕಿದ್ದೂ ನೀವೇ. ಕೈಗೆ ಸೈಕಲ್ ಕೊಟ್ಟಿರಿ, ಸ್ಕೂಟರ್ ಕೊಟ್ಟಿರಿ. ಓಡಿಸಲು ಎರಡು ಮೀಟರ್ ರಸ್ತೆ ಕೊಡಲಿಲ್ಲ.

ಹೊರಗೆ ಹಾಕುವಾಗ ಮಾತ್ರ ಇಬ್ಬರ ನೆನಪೂ ತಪ್ಪದೆ ಬರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಯಾರು ಬರಕೂಡದು ಎಂಬ ಪಟ್ಟಿಯಲ್ಲಿ ಸ್ಕೂಟರು, ಮೋಟಾರಿಲ್ಲದ ಗಾಡಿ ಎರಡೂ ಇದ್ದವು. ವೇಗದ ಕಾರುಗಳ ನಡುವೆ ಇವರು ಬೇಡ ಎಂಬ ತೀರ್ಮಾನಕ್ಕೆ ನಮ್ಮ ತಕರಾರಿಲ್ಲ. ಬೇಡ ಎನ್ನಲು ಇಷ್ಟು ಚೆನ್ನಾಗಿ ಪಟ್ಟಿ ಮಾಡಬಲ್ಲವರು, ಬನ್ನಿ ಎನ್ನುವ ಪಟ್ಟಿಯನ್ನು ಒಮ್ಮೆಯಾದರೂ ಮಾಡಬಾರದೇ?

ಈ ಮೌನದ ಬೆಲೆ ತೆರುವವರು ಯಾರೆಂದು ನೋಡಿ. ಬೆಳಗಿನ ಪಾಳಿ ಮುಗಿಸಿ ಹೊರಟ ಸೆಕ್ಯುರಿಟಿ ಗಾರ್ಡ್. ಪೀಣ್ಯದ ಕಡೆ ಸಣ್ಣ ಕಾರ್ಖಾನೆಗೆ ಹೋಗುವ ಕೆಲಸಗಾರ. ಪೇಪರ್ ಹಾಕುವ ಹುಡುಗ. ಕ್ಯಾರಿಯರ್‌ಗೆ ಬಣ್ಣದ ಡಬ್ಬಿ ಕಟ್ಟಿಕೊಂಡ ಪೇಂಟರ್. ಟ್ಯೂಷನ್ನಿಗೆ ಹೊರಟ ಹುಡುಗಿ. ಇವರು ಆರೋಗ್ಯಕ್ಕೆಂದು ಸೈಕಲ್ ತುಳಿಯುತ್ತಿಲ್ಲ. ಇನ್ನೊಂದು ಕಡೆ ರಾಯಚೂರಿನಿಂದ, ಕಲಬುರಗಿಯಿಂದ, ಒಡಿಶಾದಿಂದ, ಅಸ್ಸಾಮಿನಿಂದ ಬಂದು ಡಬ್ಬಿ ಹೊತ್ತ ಹುಡುಗ. ಅವನ ಹಗಲು ಆ್ಯಪಿನ ಗಡಿಯಾರದಲ್ಲಿ ನಡೆಯುತ್ತದೆ. ತಡವಾದರೆ ಗಿರಾಕಿಯ ಬೈಗುಳ, ಕಡಿಮೆ ಸ್ಟಾರು, ಕೈತಪ್ಪುವ ಇನ್ಸೆಂಟಿವು. ಯೂಟರ್ನ್ ಒಂದು ಕಿಲೋಮೀಟರ್ ಆಚೆ ಇದ್ದರೆ ರಾಂಗ್ ಸೈಡಿನಲ್ಲಿ ನೂರು ಮೀಟರ್ ಹೋಗು ಎಂದು ಆ ಗಡಿಯಾರವೇ ಅವನಿಗೆ ಹೇಳುತ್ತದೆ. ಅವನು ಮಾಡುವುದು ತಪ್ಪೇ. ಆ ತಪ್ಪಿನಿಂದ ಉಳಿದ ನಿಮಿಷಗಳ ಲಾಭ ಅವನ ಜೇಬಿಗೆ ಬರುವುದಿಲ್ಲ ಎಂಬುದನ್ನೂ ಹೇಳಬೇಕಲ್ಲ.

ಇಬ್ಬರ ಸಂಪಾದನೆಯೂ ಹೆಚ್ಚುಕಡಿಮೆ ಒಂದೇ ಮಟ್ಟದ್ದು. ಮಳೆ ಬಂದರೆ ಇಬ್ಬರೂ ನೆನೆಯುತ್ತಾರೆ, ಒಂದೇ ಮೇಲ್ಸೇತುವೆಯ ಕೆಳಗೆ ನಿಲ್ಲುತ್ತಾರೆ. ಬಲಗಡೆಯಿಂದ ಒತ್ತರಿಸಿ ಬರುವ ಕಾರು, ಟೆಂಪೊ, ಬಸ್ಸನ್ನು ಇಬ್ಬರೂ ಬೈಯಲಾರರು, ಬೈದರೂ ಗಾಜಿನೊಳಗೆ ಕೇಳಿಸದು. ಆ ಸಿಟ್ಟನ್ನು ಕೈಗೆಟುಕುವವನ ಮೇಲೆ ತೀರಿಸಿಕೊಳ್ಳುತ್ತಾರೆ. ಕೋಣಗಳ ಜಗಳದಲ್ಲಿ ಗಿಡಕ್ಕೆ ಕೇಡು ಎನ್ನುವುದನ್ನು ಕೇಳಿದ್ದೆವು. ಇಲ್ಲಿ ಕೋಣಗಳು ಹಾಯಾಗಿ ಹೋಗುತ್ತಿವೆ, ಗಿಡಗಿಡಗಳೇ ಹೊಡೆದಾಡುತ್ತಿವೆ.

ಬಿದ್ದವರ ಪಾಡು ಇನ್ನೂ ಕೆಟ್ಟದ್ದು. ಕಾರು ಗುದ್ದಿದರೆ ಅದಕ್ಕೆ ನಂಬರ್ ಇದೆ, ವಿಮೆ ಇದೆ, ಅಪಘಾತ ಪರಿಹಾರ ಕೇಳಲು ನ್ಯಾಯಮಂಡಳಿ ಇದೆ. ಮೋಟಾರು ವಾಹನವೇ ಅಲ್ಲದ ಗಾಡಿ ಗುದ್ದಿ ಸೈಕಲ್ಲಿನವನ ಕಾಲು ಮುರಿದರೆ? ವಿಮೆ ಇಲ್ಲ. ಸಿವಿಲ್ ದಾವೆ ಹೂಡು ಎನ್ನುತ್ತಾರೆ. ಯಾರ ಮೇಲೆ ಹೂಡುವುದು, ದಿನಗೂಲಿಯಲ್ಲಿ ಬದುಕುವ ಹುಡುಗನ ಮೇಲೆಯೇ? ಸೈಕಲ್ ಅಡ್ಡ ಬಂದು ಆ ಹುಡುಗನೇ ಬಿದ್ದರೂ ಕತೆ ಇಷ್ಟೇ. ಮೊಬೈಲ್ ಒಡೆಯಿತು, ಸಾಂಬಾರು ಚೆಲ್ಲಿತು, ಆ ದಿನದ ದುಡಿಮೆ ಹೋಯಿತು. ಕೊನೆಗೆ ಇಬ್ಬರೂ ರಸ್ತೆಯಲ್ಲೇ ಇನ್ನೂರೋ ಮುನ್ನೂರೋ ಕೈಬದಲಿಸಿ ಎದ್ದು ಹೋಗುತ್ತಾರೆ. ಠಾಣೆಯಲ್ಲಿ ದಾಖಲೆ ಇಲ್ಲ. ದಾಖಲೆ ಇಲ್ಲವೆಂದ ಮೇಲೆ ಸಮಸ್ಯೆಯೂ ಇಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಪಾಲು ದ್ವಿಚಕ್ರ ವಾಹನಗಳಲ್ಲಿದ್ದವರು. ಸತ್ತವರನ್ನು ಎಣಿಸಲು ಪುಸ್ತಕವಿದೆ. ಬಿದ್ದು ಎದ್ದವರನ್ನು, ಹೆದರಿ ಸೈಕಲ್ ಬಿಟ್ಟವರನ್ನು, ಮಗಳಿಗೆ ಸೈಕಲ್ ಬೇಡ ಎಂದ ತಾಯಂದಿರನ್ನು ಎಣಿಸುವವರು ಯಾರು?

ಕಣ್ಣೆದುರೇ ನಡೆಯುತ್ತಿರುವ ಇನ್ನೊಂದು ವಿಷಯವಿದೆ. 25ರ ಮಿತಿಯ ಗಾಡಿಯ ಮಿತಿಯನ್ನು ಬಿಚ್ಚಿಸಿಕೊಳ್ಳುವುದು ಕಷ್ಟವಲ್ಲ. ಒಂದು ವೈರು ಕಿತ್ತರೆ 40ಕ್ಕೆ ಓಡುವ ಗಾಡಿಗಳಿವೆ. ಹಾಗೆ ಓಡಿದ ಕ್ಷಣದಿಂದ ಅದು ಕಾನೂನಿನಲ್ಲಿ ನೋಂದಣಿ ಇಲ್ಲದ ಮೋಟಾರು ವಾಹನ. ಅದನ್ನು ಸೈಕಲ್ ಸವಾರ ಕಣ್ಣಿನಿಂದ ಗುರುತಿಸಲಾರ, ನೋಡಲು ಎರಡೂ ಒಂದೇ. ಹಾಗಾಗಿ ಒಬ್ಬ ಮಿತಿ ಮೀರಿದವನಿಂದ ನೂರು ಜನ ನಿಯತ್ತಿನ ಸವಾರರ ಮೇಲೆ ಅನುಮಾನ. ಇದನ್ನು ರಸ್ತೆಯಲ್ಲಿ ನಿಂತ ಕಾನ್‌ಸ್ಟೇಬಲ್ ಹಿಡಿಯುವುದು ಕಷ್ಟ. ಮಾರುವ ಅಂಗಡಿಯಲ್ಲಿ, ಬಾಡಿಗೆಗೆ ಬಿಡುವ ಕಡೆ, ರಿಪೇರಿಯ ಗ್ಯಾರೇಜಿನಲ್ಲಿ ಹಿಡಿಯುವುದು ಸುಲಭ. ಆ ಸುಲಭದ ಕೆಲಸವೂ ಹೆಚ್ಚಾಗಿ ಕಾಣುತ್ತಿಲ್ಲ. ಸಿಕ್ಕಿಬೀಳುವವನು ಡಬ್ಬಿ ಹೊತ್ತ ಹುಡುಗ ಒಬ್ಬನೇ.

ಹಿಂದೆ ನಮ್ಮ ಊರುಗಳಲ್ಲಿ ಸೈಕಲ್ಲಿಗೂ ಪುರಸಭೆಯ ಬಿಲ್ಲೆ ಇರಬೇಕಿತ್ತು. ರಾತ್ರಿ ಡೈನಮೋ ಇಲ್ಲದೆ ಹೋದರೆ, ಡಬಲ್ ರೈಡ್ ಹೋದರೆ ಪೊಲೀಸಿನವರು ಚಕ್ರದ ಗಾಳಿ ಬಿಡುತ್ತಿದ್ದರು. ಹಿರಿಯರು ಇದನ್ನು ನಗುತ್ತಲೇ ಹೇಳುತ್ತಾರೆ. ಆ ಕಾಲ ಮರಳಿ ಬರಲಿ ಎಂಬ ಆಸೆ ನಮಗಿಲ್ಲ. ಆದರೆ ರಸ್ತೆಯಲ್ಲಿ ಸೈಕಲ್ ಎಂಬುದೊಂದು ಇದೆ, ಅದಕ್ಕೊಂದು ನಿಯಮ ಇದೆ ಎಂದು ಅಧಿಕಾರಕ್ಕೆ ಆಗ ಗೊತ್ತಿತ್ತು.

ಈಗ ಗೊತ್ತಿರುವುದು ಜೂನ್ 3ಕ್ಕೆ. ವಿಶ್ವ ಸೈಕಲ್ ದಿನ. ಟೀಶರ್ಟು ಹಂಚುತ್ತಾರೆ, ಹಸಿರು ಬಾವುಟ ಬೀಸುತ್ತಾರೆ, ಮುಚ್ಚಿದ ರಸ್ತೆಯಲ್ಲಿ ಗಣ್ಯರು ಅರ್ಧ ಕಿಲೋಮೀಟರ್ ತುಳಿಯುತ್ತಾರೆ. ಮಾನ್ಯರೇ, ಜೂನ್ 4ರ ಸಂಜೆ ಆರೂವರೆಗೆ ಯಾವ ಬೆಂಗಾವಲೂ ಇಲ್ಲದೆ ಬನ್ನೇರುಘಟ್ಟ ರಸ್ತೆಯಲ್ಲಿ ತುಳಿದು ನೋಡಿ. ಅಥವಾ 25 ಮೀರದ ಬಾಡಿಗೆ ಗಾಡಿಯಲ್ಲಿ, ಬೆನ್ನ ಮೇಲೆ ಡಬ್ಬಿ ಹೊತ್ತು, ಹಿಂದೆ ಟೆಂಪೊ ಹಾರ್ನ್ ಹೊಡೆಯುತ್ತಿರುವಾಗ ಹೋಗಿ ನೋಡಿ. ಎಡ ಅಂಚಿನಲ್ಲಿ ನಿಮಗೆಷ್ಟು ಜಾಗ ಸಿಗುತ್ತದೆ ಎಂದು ಅಳೆಯಲು ಟೇಪು ಬೇಕಾಗುವುದಿಲ್ಲ.

ದೂರು ಕೊಟ್ಟವರ ಅನುಭವವೂ ಒಂದೇ ಬಗೆಯದು. ದೂರಿಗೆ ಸಂಖ್ಯೆ ಸಿಗುತ್ತದೆ. ಕೆಲವು ದಿನಕ್ಕೆ ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬರುತ್ತದೆ. ಹೋಗಿ ನೋಡಿದರೆ ಜಾಲರಿ ಹಾಗೆಯೇ, ಕಾರು ಹಾಗೆಯೇ, ಗುಂಡಿ ಹಾಗೆಯೇ. ಆಗುವುದಿಲ್ಲ ಎಂದು ಹೇಳಿದ್ದರೆ ಕಾರಣ ಕೇಳಬಹುದಿತ್ತು, ವಾದ ಮಾಡಬಹುದಿತ್ತು. ಆಗಿದೆ ಎಂದು ಬರೆದು ಕೈತೊಳೆದುಕೊಂಡವರ ಹತ್ತಿರ ವಾದಿಸುವುದು ಹೇಗೆ?

ನಾವು ಮೇಲ್ಸೇತುವೆ ಕೇಳುತ್ತಿಲ್ಲ, ಸುರಂಗ ಕೇಳುತ್ತಿಲ್ಲ. ಅವಕ್ಕೆ ಹಣ ಹೇಗೋ ಹುಟ್ಟುತ್ತದೆ. ಮೊದಲು, 25 ಮೀರದ ಬ್ಯಾಟರಿ ಗಾಡಿ ಬೆಂಗಳೂರಿನಲ್ಲಿ ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂದು ಲಿಖಿತವಾಗಿ ಹೇಳಿ, ಕನ್ನಡದಲ್ಲಿ ಹೇಳಿ, ಗಾಡಿ ಬಾಡಿಗೆಗೆ ಕೊಡುವಾಗಲೇ ಸವಾರನಿಗೆ ಅವನ ಭಾಷೆಯಲ್ಲಿ ತಿಳಿಸುವ ಹೊಣೆಯನ್ನು ಬಾಡಿಗೆಯ ಲಾಭ ಪಡೆಯುವವರ ಮೇಲೆ ಹೊರಿಸಿ. ಅಂಥ ಗಾಡಿಗೆ ಗುರುತಿನ ಸಂಖ್ಯೆಯೊಂದಿರಲಿ, ಬಿದ್ದವರಿಗೆ ಆಸ್ಪತ್ರೆ ಖರ್ಚಾದರೂ ಸಿಗುವಷ್ಟು ವಿಮೆ ಇರಲಿ. ಅದರ ಹೊರೆ ಹುಡುಗರ ತಲೆಗೆ ಬೀಳದಿರಲಿ.

ಇನ್ನು ಎಡ ಅಂಚು. ಮಾರ್ಗಸೂಚಿಯ ಎರಡು ಮೀಟರನ್ನು ಎಲ್ಲ ರಸ್ತೆಯಲ್ಲೂ ನಾಳೆಯೇ ಕೊಡಿ ಎಂದರೆ ನೀವು ನಗುತ್ತೀರಿ. ಇರುವ ಒಂದು ಗಜವನ್ನಾದರೂ ಬಿಡಿಸಿಕೊಡಿ. ನಿಲ್ಲಿಸಿದ ಕಾರುಗಳನ್ನು ಎತ್ತಿ. ಜಾಲರಿಗಳನ್ನು ಅಡ್ಡಕ್ಕೆ ತಿರುಗಿಸಿ ಕೂರಿಸಿ, ಅದಕ್ಕೆ ಬೇಕಾದದ್ದು ಒಂದು ಗಡಾರಿ ಮತ್ತು ಇಬ್ಬರು ಆಳು. ಸಿಗ್ನಲ್ಲುಗಳಲ್ಲಿ ಸೈಕಲ್ಲಿನವರು ಎರಡು ಮಾರು ಮುಂದೆ ನಿಲ್ಲುವಂತೆ ಗೆರೆ ಎಳೆಯಿರಿ, ಚಿಮ್ಮುವ ಗಾಡಿಗಳು ಅದರ ಹಿಂದೆ ನಿಲ್ಲಲಿ. ಇವನ್ನೆಲ್ಲ ಮಾಡಲು ವಿದೇಶ ಪ್ರವಾಸದ ಅಗತ್ಯವಿಲ್ಲ. ಹೀಗೆಂದು ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ, ಇಲ್ಲಿನ ರೂಢಿ ನೋಡಿ ಬರೆದೆವು.

ಸವಾರರಲ್ಲೂ ಒಂದು ಮಾತು. ಸೈಕಲ್ಲಿನವರೇ, ಹಿಂದಿನ ಕೆಂಪು ದೀಪಕ್ಕೆ ಈಗ ಹೆಚ್ಚು ಖರ್ಚಿಲ್ಲ, ಹಾಕಿಸಿ. ತಿರುಗುವ ಮುಂಚೆ ಕೈ ಚಾಚಿ. ಬ್ಯಾಟರಿ ಗಾಡಿಯವರೇ, ನಿಮ್ಮ ಗಾಡಿಯ ಸದ್ದು ಮುಂದಿನವನಿಗೆ ಕೇಳಿಸುವುದಿಲ್ಲ ಎಂಬುದನ್ನು ನೆನಪಿಟ್ಟು, ದೂರದಲ್ಲಿರುವಾಗಲೇ ಒಮ್ಮೆ ಮೆಲ್ಲಗೆ ಹಾರ್ನ್ ಮುಟ್ಟಿ, ಬಲಗಡೆಯಿಂದಲೇ ಹಾದುಹೋಗಿ. ಮುಂದಿನ ಸಲ ಮೊಣಕೈ ತಾಗಿದಾಗ ಬೈಗುಳಕ್ಕೆ ಬದಲು ಇಬ್ಬರೂ ಸೇರಿ ಆ ಜಾಗದ ಫೋಟೊ ತೆಗೆಯಿರಿ. ಯಾವ ಗುಂಡಿ, ಯಾವ ಕಾರು, ಯಾವ ಜಾಲರಿ ನಿಮ್ಮಿಬ್ಬರನ್ನೂ ಒಂದೇ ಕಡೆಗೆ ತಳ್ಳಿತು ಎಂದು ಬರೆದು, ಇಬ್ಬರ ಸಹಿಯನ್ನೂ ಹಾಕಿ ಕಳಿಸಿ. ಅದರ ಒಂದು ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, 2005ರ ಆ ಕಾಯ್ದೆಯ ಪ್ರಕಾರ 30 ದಿನದೊಳಗೆ ಉತ್ತರಿಸಲೇಬೇಕು.

ಮಾನ್ಯರೇ, ನಮ್ಮ ಪ್ರಶ್ನೆ ಒಂದೇ. ಎಡ ಅಂಚು ಸೈಕಲ್ಲಿನವರದೋ, ಬ್ಯಾಟರಿ ಗಾಡಿಯವರದೋ, ಇಬ್ಬರದೂ ಹೌದೋ, ನಿಲ್ಲಿಸಿದ ಕಾರುಗಳದೋ? ಯಾವುದೇ ಉತ್ತರವಿರಲಿ, ದಿನಾಂಕ ಹಾಕಿ, ಸಹಿ ಹಾಕಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಉತ್ತರ ತಪ್ಪೆನಿಸಿದರೆ ಅದನ್ನು ಎದುರಿಸುವುದು ಹೇಗೆಂದು ನಮಗೆ ಗೊತ್ತಿದೆ. ಮುಂದಿನ ಮಳೆಗಾಲದ ಒಳಗೆ ಆ ಕಾಗದ ನಮ್ಮ ಕೈಸೇರಬೇಕು.

ಇಂತಿ,
ಎಡ ಅಂಚಿನಲ್ಲಿ ಹೋಗುವವರ ಪರವಾಗಿ, ಒಬ್ಬ ನಾಗರಿಕ